ಮುಖ ಕೊನೆಗೆ ಬರೆಯುತ್ತಿದ್ದ ಭಾವ

ನಮ್ಮ ಭಾವನ ಕೆಳತುಟಿಯ ನಡುವೆ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ನೀರಿನಲ್ಲಿ ತೊಳೆದ ಬ್ರಷ್ಷಿನ ತುದಿ ಚೂಪಾಗಲೆಂದು ಅವರು ಅದನ್ನು ತುಟಿಗಳ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಿದ್ದರು. ಎಷ್ಟು ತೊಳೆದರೂ ಬ್ರಷ್ಷಿನಲ್ಲಿ ಉಳಿಯುವ, ಚಿತ್ರ ಬರೆಯುವ ಇಂಡಿಯನ್ ಇಂಕು ಎಷ್ಟೋ ವರ್ಷಗಳಿಂದ ಅಲ್ಲಿ ಕೂತು, ತುಟಿಗೆ ಹಚ್ಚೆ ಹಾಕಿಸಿಕೊಂಡ ಹಾಗೆ ಕಾಣುತ್ತಿತ್ತು. ಗುಬ್ಬಿಯ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದ ದಿನವೂ ಆ ಗೆರೆ ಇತ್ತು. ಉಪ್ಪಿಟ್ಟಿನ ತಟ್ಟೆ ಕೊಟ್ಟು ಒಳಗೆ ಬಂದ ನಾನು, "ಗಂಡಿನ ತುಟಿ ಕಪ್ಪಗದೆ ಕಣೇ" ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ. ನಮ್ಮಜ್ಜಿ ಅದನ್ನು ಕೇಳಿಸಿಕೊಂಡು, "ಬೀಡಿ ಸೇದೋನಿರಬೇಕು" ಎಂದು ತೀರ್ಮಾನಿಸಿಬಿಟ್ಟಳು. ಬೀಡಿಯಲ್ಲ, ಕುದುರೆಯ ಬಾಲ ಎಂದು ಆಮೇಲೆ ಗೊತ್ತಾಯಿತು. ಆ ದಿನ ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಚಿತ್ರದಲ್ಲಿ ಒಂದು ಕುದುರೆಯ ಬಾಲ ಬರೆದು ಮುಗಿಸಿ ಬಂದಿದ್ದರಂತೆ.

ಅವರ ಹೆಸರು ಹಿಡಿದು ನಾನು ಯಾವತ್ತೂ ಕರೆದವಳಲ್ಲ. ಅಕ್ಕನ ಗಂಡ, ಭಾವ, ಅಷ್ಟೇ. ಇಲ್ಲೂ ಹಾಗೇ ಇರಲಿ.

ಮದುವೆಯಾದ ಮೇಲೆ ಅಕ್ಕ ತುಮಕೂರಿನಲ್ಲಿ ಸಂಸಾರ ಹೂಡಿದಳು. ಶಿರಾ ಗೇಟ್ ಹತ್ತಿರ ಒಂದು ಬಾಡಿಗೆ ಮನೆ. ಹಜಾರದ ಕಿಟಕಿಯ ಪಕ್ಕ ಭಾವನ ಇಳಿಜಾರು ಮೇಜು, ಅದರ ಸುತ್ತ ಇಂಕಿನ ಬಾಟಲು, ನಿಬ್ಬು, ಒದ್ದೆ ಬಟ್ಟೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನನಗೆ ಕ್ಯಾತ್ಸಂದ್ರದ ಒಂದು ಪ್ರೈಮರಿ ಶಾಲೆಯಲ್ಲಿ ಮೇಡಂ ಕೆಲಸ ಸಿಕ್ಕಿತು. ಗುಬ್ಬಿಯಿಂದ ದಿನಾ ಓಡಾಡುವುದು ಯಾಕೆಂದು ಅಕ್ಕನ ಮನೆಯಲ್ಲೇ ಉಳಿದುಕೊಂಡೆ. ಹಾಗಾಗಿ ಭಾವ ಹೇಗೆ ದುಡಿದರು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರು ಕಾಮಿಕ್ಸ್ ಬರೆಯುತ್ತಿದ್ದರು. ಸಂಬಳದ ಕೆಲಸವಲ್ಲ, ಬಂದವರಿಗೆಲ್ಲ ಬರೆದುಕೊಡುವುದು. ಬೆಂಗಳೂರಿನ ಒಂದು ಮಕ್ಕಳ ಮಾಸಪತ್ರಿಕೆಗೆ ರಾಜರ ಚಿತ್ರಕಥೆ, ಒಂದು ವಾರಪತ್ರಿಕೆಗೆ ಪತ್ತೇದಾರಿ ಕಥೆ, ಇನ್ನೊಬ್ಬ ಪ್ರಕಾಶಕರಿಗೆ ಪುರಾಣದ ಪುಸ್ತಕಗಳು. ಇವುಗಳ ಸಂದಿಯಲ್ಲಿ ಸತ್ಯಮಂಗಲದ ಯಾವುದೋ ಸಣ್ಣ ಕಾರ್ಖಾನೆಯ ಊದುಬತ್ತಿ ಪೊಟ್ಟಣದ ಮೇಲಿನ ನವಿಲು, ಸೈಕಲ್ ಅಂಗಡಿಯ ಬೋರ್ಡು, ಗುಬ್ಬಿ ಕಡೆಯ ನಾಟಕದವರಿಗೆ ಅರಮನೆಯ ಪರದೆ. ಯಾರು ಬಂದು ಏನು ಕೇಳಿದರೂ ಭಾವನ ಉತ್ತರ ಒಂದೇ.

"ಮಾಡಿದ್ರಾಯ್ತು ಬುಡಿ."

"ಆ ಮಾತನ್ನೇ ಒಂದು ಬೋರ್ಡಲ್ಲಿ ಬರ್ದು ಬಾಗ್ಲಿಗೆ ತಗುಲಾಕಿ. ಪ್ರತಿ ಸಲ ಹೇಳೋ ಕಷ್ಟನಾದ್ರೂ ತಪ್ಪುತ್ತೆ" ಎಂದು ಅಕ್ಕ ರೇಗುತ್ತಿದ್ದಳು. ಭಾವ ತಲೆ ಎತ್ತದೆ, "ಬೋರ್ಡಾ? ಮಾಡಿದ್ರಾಯ್ತು ಬುಡು" ಎನ್ನುತ್ತಿದ್ದರು. ಇಂಥವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾದೀತು?

ಇಷ್ಟು ಕೆಲಸವನ್ನು ಒಬ್ಬ ಮನುಷ್ಯ ಸಂಭಾಳಿಸಲು ಅವರು ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದರು. ಒಂದು ಕಥೆ ಮುಗಿಸಿ ಇನ್ನೊಂದು ಹಿಡಿಯುವ ಪದ್ಧತಿ ಅವರದಲ್ಲ. ಎಲ್ಲ ಕಥೆಗಳ ಹಾಳೆಗಳನ್ನೂ ಒಟ್ಟಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ನೆಲದ ಮೇಲೆ ಹರಡುತ್ತಿದ್ದರು. ಆಮೇಲೆ ಒಂದು ದಿನ ಎಲ್ಲ ಹಾಳೆಗಳ ಮರಗಳು, ಇನ್ನೊಂದು ದಿನ ಎಲ್ಲ ಕುದುರೆಗಳು, ಮತ್ತೊಂದು ದಿನ ಬಟ್ಟೆಯ ಮಡಿಕೆಗಳು. ಕೈಗೆ ಒಂದೇ ಗೆರೆಯ ಅಭ್ಯಾಸ ಕೂತರೆ ಬೇಗ ಓಡುತ್ತದೆ ಎಂಬುದು ಅವರ ಲೆಕ್ಕ. ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ, "ಭಾವ, ಇವತ್ತೇನು?" ಎಂದು ಕೇಳುತ್ತಿದ್ದೆ. "ಇವತ್ತು ನೀರು ಕಣಮ್ಮ. ಹೊಳೆ, ಕೆರೆ, ಕಣ್ಣೀರು ಎಲ್ಲಾ ಇವತ್ತೇ" ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ಅಕ್ಕ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಹಜಾರದಲ್ಲಿ ಮೂರು ಕಥೆಗಳ ಹೆಂಗಸರು ಒಟ್ಟಿಗೇ ಅತ್ತಿರುತ್ತಿದ್ದರು.

ನನ್ನ ಅಕ್ಷರ ದುಂಡಗಿತ್ತು. ಬೋರ್ಡಿನ ಮೇಲೆ ಬರೆದೂ ಬರೆದೂ ಪಳಗಿದ ಟೀಚರ್ ಅಕ್ಷರ. ಒಂದು ಸಂಜೆ ಭಾವ ಒಂದು ಹಾಳೆ ಕೊಟ್ಟು, ಪಾತ್ರಗಳ ತಲೆಯ ಮೇಲಿನ ಮಾತಿನ ಗುಳ್ಳೆಗಳೊಳಗೆ ಮಾತು ತುಂಬಿಸಲು ಹೇಳಿದರು. ಅಂದಿನಿಂದ ಅದು ನನ್ನ ಕೆಲಸವಾಯಿತು. ಸಂಜೆ ಶಾಲೆಯಿಂದ ಬರುವಾಗ ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬರುವುದು, ಮೂವರೂ ತಿನ್ನುವುದು, ಆಮೇಲೆ ನಾನು ರಾಜರ ಬಾಯಿಗೆ, ಕಳ್ಳರ ಬಾಯಿಗೆ, ದೇವರ ಬಾಯಿಗೆ ಮಾತು ಹಾಕುವುದು. ಭಾವನ ಎರಡು ಕೈಯಲ್ಲೂ ಇಂಕು ಇದ್ದರೆ ಅಕ್ಕನೇ ಇಡ್ಲಿ ಮುರಿದು ಅವರ ಬಾಯಿಗಿಡುತ್ತಿದ್ದಳು. ಅವರು ಹಾಳೆಯಿಂದ ಕಣ್ಣು ಕೀಳದೆ ಅಗಿಯುತ್ತಿದ್ದರು. "ಮಗೂಗೆ ತಿನ್ನಿಸಿದ್ರೆ ಅದಾದ್ರೂ ಮುಖ ನೋಡ್ತದೆ" ಎಂದು ಅಕ್ಕ ಒಮ್ಮೆ ಅಂದಳು. ನಗುತ್ತಲೇ ಅಂದಳು. ಅವರಿಗೆ ಮಕ್ಕಳಾಗಲಿಲ್ಲ.

ಕೈಗಳ ದಿನ ಎಂದು ಒಂದಿತ್ತು. ಅಂಥದೊಂದು ದಿನ ಆ ಪ್ರಸಿದ್ಧ ತಪ್ಪು ನಡೆಯಿತು. ಪತ್ತೇದಾರನ ಕೈಗೆ ಯಾವಾಗಲೂ ಒಂದು ದಪ್ಪ ವಾಚು ಇರಬೇಕು. ಭಾವ ಅದೇ ಓಟದಲ್ಲಿ ಪಕ್ಕದ ಹಾಳೆಗೆ ದಾಟಿ, ಸಿಂಹಾಸನದಲ್ಲಿ ಕೂತು ಅಭಯ ನೀಡುತ್ತಿದ್ದ ರಾಜನ ಕೈಗೂ ವಾಚು ಕಟ್ಟಿಬಿಟ್ಟರು. ಆ ಕೈಯ ಪಕ್ಕದಲ್ಲೇ ನಾನು "ಯಾರಲ್ಲಿ!" ಎಂದು ದೊಡ್ಡದಾಗಿ ಬರೆದವಳು, ನನಗೂ ಕಾಣಲಿಲ್ಲ. ಬೆಂಗಳೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹಾಳೆಗಳು ಹೋದವು, ಅಚ್ಚಾಗಿ ಬಂದವು.

ಮಕ್ಕಳ ಪತ್ರಿಕೆಯ ಸಂಪಾದಕರು ಕೆಂಡವಾದರು. "ನಿಮ್ಮ ರಾಜರು ದಿನಾ ಎಷ್ಟು ಗಂಟೆಗೆ ಏಳ್ತಾರೆ?" ಎಂದು ಒಂದು ಕಾರ್ಡು ಬಂತು. ಭಾವನಿಗೆ ಅವಮಾನವಾಗಿ ಆ ದಿನ ಊಟ ಸೇರಲಿಲ್ಲ. ಆದರೆ ಮುಂದಿನ ವಾರ ಸಂಪಾದಕರ ರಾಗವೇ ಬೇರೆಯಾಯಿತು. ಊರೂರಿನ ಮಕ್ಕಳು ವಾಚು ಕಂಡುಹಿಡಿದೆವೆಂದು ಕಾರ್ಡಿನ ಮೇಲೆ ಕಾರ್ಡು ಬರೆದಿದ್ದರಂತೆ. ಜಾಣ ಮನುಷ್ಯ, ಅದನ್ನೇ ಆಟ ಮಾಡಿಬಿಟ್ಟರು. ಇನ್ನು ಮೇಲೆ ಪ್ರತಿ ತಿಂಗಳೂ ರಾಜರ ಕಥೆಯಲ್ಲಿ ಚಿತ್ರಕಾರರು ಬೇಕೆಂದೇ ಒಂದು ತಪ್ಪು ಅಡಗಿಸಿಡುತ್ತಾರೆ, ಹುಡುಕಿದವರ ಹೆಸರು ಪ್ರಕಟಿಸುತ್ತೇವೆ ಎಂದು ಹಾಕಿದರು. ಭಾವನಿಗೆ ಇದ್ದ ಕೆಲಸದ ಜೊತೆಗೆ ತಿಂಗಳಿಗೊಂದು ತಪ್ಪು ಮಾಡುವ ಕೆಲಸವೂ ಗಂಟುಬಿತ್ತು.

ಅದನ್ನು ಅವರು ಬಹಳ ಪ್ರೀತಿಯಿಂದ ಮಾಡುತ್ತಿದ್ದರು ಎನ್ನಬೇಕು. ಊಟಕ್ಕೆ ಕೂತಾಗ, "ಈ ತಿಂಗ್ಳು ಏನು ತಪ್ಪು ಮಾಡಣ?" ಎಂದು ನಮ್ಮಿಬ್ಬರ ಮುಖ ನೋಡುವರು.

"ನನ್ನ ಮದ್ವೆ ಆದ್ರಲ್ಲ, ಅದನ್ನೇ ಹಾಕಿ" ಎಂದು ಅಕ್ಕ.

"ಅದು ಎಲ್ರಿಗೂ ಗೊತ್ತಿರೋ ತಪ್ಪು ಕಣೇ. ಮಕ್ಳು ಒಂದೇ ನಿಮಿಷಕ್ಕೆ ಕಂಡುಹಿಡಿದುಬುಡ್ತವೆ."

ಆ ಮನೆಯಲ್ಲಿ ನಗು ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅಷ್ಟೊಂದು ಸಿಕ್ಕುವುದಿಲ್ಲ.

ವಾರದಲ್ಲಿ ಒಂದು ಹೊತ್ತು ಮಾತ್ರ ಭಾವ ಯಾರ ಕೆಲಸವನ್ನೂ ಮಾಡುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಜುಬ್ಬ ಹಾಕಿಕೊಂಡು, ಮಂಚದ ಕೆಳಗಿನ ಟ್ರಂಕಿನಿಂದ ಬೇರೆಯೇ ಹಾಳೆಗಳನ್ನು ತೆಗೆಯುತ್ತಿದ್ದರು. ಅದು ಅವರ ಸ್ವಂತ ಪುಸ್ತಕ. ಭಾವನ ತಂದೆ ಕುಣಿಗಲ್‌ನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುವ ಆಳಾಗಿದ್ದವರು. ಮರಿ ಸತ್ತು ಮೇವು ಬಿಟ್ಟ ಒಂದು ಹೆಣ್ಣು ಕುದುರೆಯ ಪಕ್ಕದಲ್ಲಿ ಆತ ಲಾಯದಲ್ಲೇ ವಾಸ ಮಾಡಿ, ಅದರ ಜೊತೆ ಮಾತಾಡಿ ಮಾತಾಡಿ ಮತ್ತೆ ಹುಲ್ಲು ತಿನ್ನಿಸಿದ ಕಥೆ. ಭಾವ ಚಿಕ್ಕವರಿದ್ದಾಗ ಕಂಡದ್ದು.

"ರಾಜರು ಹತ್ತೋ ಕುದುರೆ ಲೆಕ್ಕ ಇಲ್ಲದಷ್ಟು ಬರ್ದಿದೀನಿ. ಕುದುರೆಗೆ ಹುಲ್ಲು ಹಾಕೋನ್ನ ಒಬ್ಬನ್ನೂ ಬರ್ದಿಲ್ಲ ಕಣಮ್ಮ" ಎಂದು ಅವರು ನನಗೆ ಹೇಳಿದ್ದು ಅಂಥದೊಂದು ಭಾನುವಾರ.

ಬೆಂಗಳೂರಿನ ಒಬ್ಬ ಪ್ರಕಾಶಕರು ಆ ಹಾಳೆಗಳನ್ನು ನೋಡಿ, ಪೂರ್ತಿ ಮಾಡಿಕೊಡಿ, ಬೇಸಿಗೆ ರಜಕ್ಕೆ ತರುತ್ತೇನೆ ಎಂದು ಮಾತು ಕೊಟ್ಟಿದ್ದರು. ಎಷ್ಟೋ ಬೇಸಿಗೆಗಳು ಬಂದು ಹೋದವು. ಭಾನುವಾರವೂ ಯಾರಾದರೂ ಬಾಗಿಲು ತಟ್ಟುತ್ತಿದ್ದರು. ಮದುವೆ ಕಾಗದಕ್ಕೆ ಗಣೇಶ ಬೇಕು, ಲಾರಿಯ ಹಿಂದೆ ಹುಲಿ ಬೇಕು. ಮಾಡಿದ್ರಾಯ್ತು ಬುಡಿ. ಹಾಳೆಗಳು ಟ್ರಂಕಿಗೆ ವಾಪಸ್ಸು. ಅಕ್ಕ ಒಂದು ಭಾನುವಾರ ಸಿನಿಮಾಕ್ಕೆಂದು ಹೂ ಮುಡಿದು, ಸೀರೆ ಉಟ್ಟು ಕೂತಿದ್ದವಳು, ಹೀಗೇ ಯಾರೋ ಬಂದರೆಂದು ನನ್ನ ಜೊತೆ ಹೋದಳು. ಬರುವಾಗ ದಾರಿಯಲ್ಲಿ, "ಮನೆ ಬುಟ್ಟು ಎಲ್ಲೂ ಹೋಗಲ್ಲ ನೋಡು ನಿಮ್ಮ ಭಾವ. ಆದ್ರೂ ಮನೇಲಿ ಇಲ್ಲ" ಎಂದಳು.

ಭಾವ ಮುಖಗಳನ್ನು ಎಲ್ಲದಕ್ಕಿಂತ ಕೊನೆಗೆ ಬರೆಯುತ್ತಿದ್ದರು. ಮೈ, ಬಟ್ಟೆ, ಗೋಡೆ, ಮರ ಎಲ್ಲ ಮುಗಿದು ಮುಖದ ಜಾಗ ಮಾತ್ರ ಮೊಟ್ಟೆಯ ಹಾಗೆ ಬೆಳ್ಳಗಿರುತ್ತಿತ್ತು. ಕೈ ದಣಿಯುವ ಮೊದಲು, ಬೆಳಗಿನ ಮೊದಲ ಬೆಳಕಿನಲ್ಲಿ, ಎಲ್ಲ ಮುಖಗಳನ್ನೂ ಒಂದೇ ಸಲ ಬರೆಯುತ್ತಿದ್ದರು. ಭಾನುವಾರದ ಪುಸ್ತಕದಲ್ಲಂತೂ ತಂದೆಯ ಮುಖವನ್ನು ಒಂದು ಪುಟದಲ್ಲೂ ಮುಟ್ಟಿರಲಿಲ್ಲ. ಕುದುರೆ, ಲಾಯ, ಹುಲ್ಲಿನ ಹೊರೆ, ತಂದೆಯ ಕಾಲು, ಪೇಟ, ಬೆನ್ನು ಎಲ್ಲ ಇದ್ದವು. ಪುಸ್ತಕ ಪೂರ್ತಿ ಆದ ಮೇಲೆ ಒಂದು ವಾರ ಬೇರೆ ಕೆಲಸ ಮುಟ್ಟದೆ ಕೂತು ಆ ಮುಖವನ್ನು ಎಲ್ಲ ಪುಟಗಳಲ್ಲೂ ಬರೆಯುತ್ತೇನೆ ಎನ್ನುತ್ತಿದ್ದರು. ಆ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ಜೀವಮಾನದಲ್ಲಿ ಒಂದು ಫೋಟೋ ತೆಗೆಸಿಕೊಂಡವರಲ್ಲ. ಕುದುರೆಗಳದ್ದಾದರೆ ಫೋಟೋ ಇದ್ದವಂತೆ.

ತಪ್ಪಿನ ಆಟ ಶುರುವಾಗಿ ಕೆಲವು ವರ್ಷಗಳಾಗಿರಬೇಕು. ಒಮ್ಮೆ ಸಂಪಾದಕರ ಕಾರ್ಡು ಬಂತು. ಮಕ್ಕಳು ಹುಚ್ಚೆದ್ದಿದ್ದಾರೆ, ಒಂದು ತಪ್ಪು ಕೇಳಿದರೆ ನೀವು ನಾಲ್ಕು ಕೊಟ್ಟಿದ್ದೀರಿ, ಭಲೇ, ಹೀಗೇ ಇರಲಿ ಎಂದು. ನಾನು ನಗುತ್ತಾ ಪತ್ರಿಕೆ ತೆಗೆದು ನೋಡಿದೆ. ಮಂತ್ರಿಗೆ ಒಂದು ಚೌಕದಲ್ಲಿ ಮೀಸೆ ಇತ್ತು, ಮುಂದಿನದರಲ್ಲಿ ಇರಲಿಲ್ಲ. ಕಿಟಕಿಯ ಸರಳು ರಾಣಿಯ ಕೆನ್ನೆಯ ಮೇಲೆ ಹಾದುಹೋಗಿತ್ತು. ಒಬ್ಬ ಸೈನಿಕನ ಕತ್ತಿಗೆ ಹಿಡಿಯೇ ಇರಲಿಲ್ಲ. ದೀಪದ ಕಂಬದಲ್ಲಿ ದೀಪದ ಬದಲು ಬಲ್ಬು ಇತ್ತು.

"ಭಾವ, ಮೀಸೆದು ಚೆನ್ನಾಗದೆ. ಕತ್ತಿದು ನಂಗೂ ಗೊತ್ತಾಗ್ಲಿಲ್ಲ ನೋಡಿ" ಎಂದೆ.

ಅವರು ಬ್ರಷ್ಷು ಕೆಳಗಿಟ್ಟರು. "ಯಾವ ಮೀಸೆ?"

"ಮಂತ್ರಿದು. ನೀವೇ ಮಾಡಿದ್ದಲ್ವಾ?"

"ನಾನು ಮಾಡಿದ್ದು ಬಲ್ಬು ಒಂದೇ ಕಣಮ್ಮ."

ಪತ್ರಿಕೆಯನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಮೂಗಿಗೆ ತಾಗುವಷ್ಟು ಹತ್ತಿರ ತಂದರು, ಮತ್ತೆ ದೂರ ಹಿಡಿದರು. "ಎಲ್ಲಿ ತೋರ್ಸು" ಎಂದರು. ನಾನು ಬೆರಳಿಟ್ಟು ತೋರಿಸಿದೆ. ಬೆರಳನ್ನೇ ನೋಡುತ್ತಿದ್ದಾರೆ, ಬೆರಳಿನ ತುದಿಯಲ್ಲಿರುವುದು ಕಾಣುತ್ತಿಲ್ಲ ಎಂದು ನನಗೆ ಆಗ ಹೊಳೆಯಿತು. ರಾಜ್ಯದ ಮಕ್ಕಳೆಲ್ಲ ಆಟವೆಂದು ಎಣಿಸಿ ಎಣಿಸಿ ಕಳಿಸುತ್ತಿದ್ದದ್ದು ನಮ್ಮ ಭಾವನ ಕಣ್ಣು ಹೋಗುತ್ತಿರುವ ಸುದ್ದಿಯಾಗಿತ್ತು.

ಡಾಕ್ಟರ ಹತ್ತಿರ ಮೂವರೂ ಹೋದೆವು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದರು. ಬಹಳ ದಿನದಿಂದ ಇದ್ದದ್ದು, ಯಾರೂ ನೋಡಿಲ್ಲ. ಭಾವ ದಿನವಿಡೀ ಕುಡಿಯುತ್ತಿದ್ದ ಪಾಯಸದಂಥ ಕಾಫಿ ನೆನಪಾಗಿ ಅಕ್ಕ ಅಲ್ಲೇ ಅಳಲು ಶುರು ಮಾಡಿದಳು. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಜೋಪಾನ ಮಾಡಿ, ಸೂಕ್ಷ್ಮದ ಕೆಲಸ ಬಿಡಿ ಎಂದರು ಡಾಕ್ಟರು. "ಎಷ್ಟು ದಿನ ಇರ್ತದೆ ಸಾರ್?" ಎಂದು ಭಾವ ಕೇಳಿದರು. ಖಚಿತವಾಗಿ ಹೇಳಲಾಗದು, ಕೆಲವೇ ತಿಂಗಳೂ ಇರಬಹುದು ಎಂದರು ಅವರು.

ಮನೆಗೆ ಬಂದ ಮೇಲೆ ಅಕ್ಕ ಟ್ರಂಕನ್ನು ತಾನೇ ಮಂಚದ ಕೆಳಗಿಂದ ಎಳೆದಳು. ಭಾನುವಾರದ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

"ರೀ, ಇದನ್ನ ಮುಗ್ಸಿ. ಬೇರೆ ಎಲ್ಲಾನೂ ಬುಟ್ಟುಬುಡಿ. ಮನೆ ಹೆಂಗೋ ನಡೀತದೆ, ಇವಳ ಸಂಬಳ ಇಲ್ವಾ, ನಾನೂ ಏನಾರ ಹೊಲೀತೀನಿ. ನಿಮ್ಮ ಕಣ್ಣಿರೋದು ನಿಮ್ಮಪ್ಪಂಗೆ ಆಗ್ಲಿ."

ಭಾವ ಹಾಳೆಗಳ ಮೇಲೆ ಕೈಯಾಡಿಸಿ, "ಹೂಂ" ಎಂದರು. ಅವರ ಬಾಯಲ್ಲಿ ಅಂಥ ಹೂಂ ನಾನು ಕೇಳಿರಲಿಲ್ಲ. ಅವರೇ ಹೇಳಿ ನನ್ನ ಕೈಯಲ್ಲಿ ಎಲ್ಲ ಪತ್ರಿಕೆಗಳಿಗೂ ಮೈಯಲ್ಲಿ ಹುಷಾರಿಲ್ಲವೆಂದು ಬರೆಸಿದರು. ಆ ಮೇಲಿನ ಕೆಲವು ವಾರಗಳು ಆ ಮನೆಯಲ್ಲಿ ಎಲ್ಲ ದಿನವೂ ಭಾನುವಾರವಾಗಿತ್ತು. ಬೆಳಿಗ್ಗೆಯ ಬೆಳಕಿನಲ್ಲಿ ಸ್ವಲ್ಪ ಬರೆಯುವುದು, ಕಣ್ಣು ಮುಚ್ಚಿ ಕೂರುವುದು, ಮತ್ತೆ ಸ್ವಲ್ಪ. ಹುಲ್ಲಿನ ಎಳೆ, ಕುದುರೆಯ ಕಣ್ಣಿನ ರೆಪ್ಪೆಯಂಥ ನಾಜೂಕು ಕೆಲಸವನ್ನೆಲ್ಲ ಮೊದಲು ಮುಗಿಸಿದರು. ಇನ್ನು ಕೊನೆಯ ಪುಟಗಳು ಸ್ವಲ್ಪ, ಆಮೇಲೆ ಮುಖ.

ಆಗ ಮಕ್ಕಳ ಪತ್ರಿಕೆಯ ಸಂಪಾದಕರು ಮನೆಗೇ ಬಂದರು. ಒಂದು ಮಧ್ಯಾಹ್ನ, ಮೂಸಂಬಿಯ ಚೀಲ ಹಿಡಿದುಕೊಂಡು. ನಾನು ಆಗ ದಸರಾ ರಜದಲ್ಲಿ ಮನೆಯಲ್ಲೇ ಇದ್ದೆ. ಅವರನ್ನು ನಾನು ನೋಡಿದ್ದು ಅದೇ ಮೊದಲು, ಸೌಮ್ಯವಾದ ಮನುಷ್ಯ. ಭಾವನ ಆರೋಗ್ಯ ವಿಚಾರಿಸಿದರು, ನಿಜವಾಗಿಯೂ ವಿಚಾರಿಸಿದರು. ಆಮೇಲೆ ವಿಷಯಕ್ಕೆ ಬಂದರು. ದೀಪಾವಳಿ ವಿಶೇಷಾಂಕಕ್ಕೆ ಒಪ್ಪಿಕೊಂಡಿದ್ದ ಇನ್ನೊಬ್ಬ ಚಿತ್ರಕಾರ ಕೈಕೊಟ್ಟಿದ್ದಾನೆ. ದೊಡ್ಡ ಕಥೆ, ಪ್ರೆಸ್ಸಿನವರು ಕಾದು ಕೂತಿದ್ದಾರೆ.

"ನಿಮಗೆ ಕಷ್ಟ ಅಂತ ಗೊತ್ತು. ಆಗಲ್ಲ ಅಂದ್ರೂ ನಂಗೇನು ಬೇಜಾರಿಲ್ಲ. ಈ ಸಲ ಚಿತ್ರಕಥೆ ಇಲ್ಲದೇನೇ ತರ್ತೀನಿ" ಎಂದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಭಾವನಿಗೆ ಕಾಣುವ ಹಾಗೆ ತಲೆ ಅಲ್ಲಾಡಿಸಿದಳು. ಅಷ್ಟು ದೂರದಲ್ಲಿ ನಿಂತವಳ ತಲೆ ಅಲ್ಲಾಡಿದ್ದು ಅವರಿಗೆ ಕಂಡಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಮಾಡಿದ್ರಾಯ್ತು ಬುಡಿ ಸಾರ್" ಎಂದರು ಭಾವ.

ಸಂಪಾದಕರು ಹೋದ ಮೇಲೆ ಅಕ್ಕ ಕಿರುಚಾಡಲಿಲ್ಲ. ಆ ಮೂಸಂಬಿ ಚೀಲವನ್ನು ಎತ್ತಿ ಬಚ್ಚಲ ಕಡೆಗೆ ಎಸೆದಳು, ಹಣ್ಣುಗಳು ಮನೆ ತುಂಬ ಉರುಳಿದವು. ಆಮೇಲೆ ಅವರ ಮುಂದೆ ನೆಲದ ಮೇಲೆ ಕೂತು, "ಯಾಕೆ ಒಪ್ಕೊಂಡ್ರಿ?" ಎಂದಳು.

"ನಾನು ಗೇಟ್ ಹತ್ರ ಏಣಿ ಹತ್ಕೊಂಡು ಬೋರ್ಡ್ ಬರೀತಿದ್ದೆ ಕಣೇ. ಕೆಳಗೆ ನಿಂತು, ಆ ಕುದುರೆ ಯಾರಪ್ಪ ಬರ್ದಿದ್ದು ಅಂತ ಕೂಗಿ ಕರೆದೋರು ಅವ್ರೇ. ಅವ್ರು ಬಾಗ್ಲಿಗೆ ಬಂದವ್ರೆ. ಹೆಂಗೆ ಆಗಲ್ಲ ಅನ್ಲಿ?"

"ಮತ್ತೆ ನಿಮ್ಮಪ್ಪ?"

"ಅಪ್ಪ ಕಾಯ್ತಾನೆ" ಎಂದರು. "ಅವ್ನಿಗೇನು ಅರ್ಜೆಂಟು?"

ಆ ಮಾತು ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸತ್ತವರನ್ನು ನೆನೆದು ಇಷ್ಟು ಸಿಟ್ಟು ಮಾಡಬಾರದು. ಆದರೆ ಪ್ರಪಂಚದಲ್ಲಿ ಎಲ್ಲರಿಗೂ ಹೊತ್ತು ಕೊಟ್ಟು ತನ್ನವರಿಗೆ ಮಾತ್ರ ಕಾಯಲು ಹೇಳುವ ಒಳ್ಳೆಯತನವನ್ನು ನಾನು ಆ ಮನೆಯಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಅದನ್ನು ಒಳ್ಳೆಯತನವಲ್ಲ ಎನ್ನಲೂ ಬಾಯಿ ಬರುವುದಿಲ್ಲ, ಅದರಿಂದ ಅಕ್ಕನಿಗಾದದ್ದನ್ನು ಮರೆಯಲೂ ಆಗುವುದಿಲ್ಲ.

ವಿಶೇಷಾಂಕದ ಕಥೆ ಮುಗಿಯಿತು. ಅರ್ಧಕ್ಕರ್ಧ ಇಂಕು ನಾನೇ ಹಾಕಿದೆ, ಅವರ ಪೆನ್ಸಿಲ್ ಗೆರೆಯ ಮೇಲೆ ಅವರು ಹೇಳಿದ ಹಾಗೆ. ಆದರೆ ಮುಖಗಳನ್ನು ಯಾರಿಗೂ ಬಿಡಲಿಲ್ಲ. ಕಣ್ಣನ್ನು ಹಾಳೆಗೆ ಅಂಟಿಸಿಕೊಂಡು, ನೀರು ಸುರಿಸುತ್ತಾ, ಅಷ್ಟು ಮುಖಗಳನ್ನೂ ತಾವೇ ಬರೆದರು. ಬಹಳ ಚೆನ್ನಾಗಿದ್ದವು. ಒಂದು ತಪ್ಪೂ ಇರಲಿಲ್ಲ. ದೀಪಾವಳಿ ಕಳೆದು ಚಳಿ ಬರುವ ಹೊತ್ತಿಗೆ ಭಾವನಿಗೆ ನಡುವೆ ಕಾಣುವುದು ನಿಂತುಹೋಯಿತು. ಸುತ್ತಲಿನದು ಮಸುಕಾಗಿ ಕಾಣುತ್ತಿತ್ತು, ನೋಡಬೇಕೆಂದಿದ್ದ ಜಾಗದಲ್ಲಿ ಮಾತ್ರ ಕತ್ತಲೆ.

ಆಮೇಲೆ ಅವರ ಪುಸ್ತಕವನ್ನು ಮುಂದುವರಿಸಲು ಕೂತವಳು ನಾನು. ಅವರು ಗೋಡೆಗೆ ಒರಗಿ ಹೇಳುವರು, ನಾನು ಬರೆಯುವೆ. ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಕೈ ಎತ್ತಬೇಕು ಎಂದು ಅವರು ನನಗೆ ಕಲಿಸಿದ್ದು ಕಣ್ಣಿಲ್ಲದ ಕಾಲದಲ್ಲಿ. ಬ್ರಷ್ಷು ಕಾಗದದ ಮೇಲೆ ಓಡುವ ಸದ್ದು ಕೇಳಿಯೇ, "ಹೆದರ್ಕೊಂಡು ಎಳೀತಿದೀಯ. ಬುಡು ಕೈನ" ಎನ್ನುತ್ತಿದ್ದರು. ಮುಂದೆ ನಾನು ಚಿತ್ರಕಲೆಯ ಪರೀಕ್ಷೆ ಕಟ್ಟಿ ಡ್ರಾಯಿಂಗ್ ಟೀಚರ್ ಆದದ್ದು, ಇವತ್ತು ನನ್ನ ಕೈ ನಡುಗದೆ ಒಂದು ಗೆರೆ ಎಳೆಯುವುದು, ಎಲ್ಲ ಅವರು ಕೊಟ್ಟದ್ದು. ಕೊಟ್ಟಷ್ಟರಲ್ಲಿ ಕಾಲುಭಾಗವನ್ನೂ ನಾನು ಉಳಿಸಿಕೊಂಡಿಲ್ಲ.

ಪುಟಗಳೆಲ್ಲ ಮುಗಿದವು. ತಂದೆಯ ಮುಖ ಉಳಿಯಿತು.

"ಹೆಂಗಿದ್ರು ಭಾವ? ಮೂಗು ಹೇಳಿ" ಎಂದೆ.

"ಮೂಗು..." ಎಂದು ನಿಲ್ಲಿಸಿದರು. ಬಲಗೈ ಗಾಳಿಯಲ್ಲಿ ಸ್ವಲ್ಪ ಅಲ್ಲಾಡಿತು. "ಕೈಗೆ ಗೊತ್ತದೆ ಕಣಮ್ಮ. ಬಾಯಿಗೆ ಬರ್ತಿಲ್ಲ."

ನಾನು ಇದ್ದಿಲಿನಲ್ಲಿ ದೊಡ್ಡ ದೊಡ್ಡದಾಗಿ ಮುಖಗಳನ್ನು ಬರೆದು ಕೊಟ್ಟೆ. ಅವರು ಹಾಳೆಯನ್ನು ಕಣ್ಣಿನ ಓರೆಗೆ ತಂದು, ಆಚೆ ಈಚೆ ತಿರುಗಿಸಿ, "ಅಲ್ಲ" ಎನ್ನುವರು. ಉದ್ದ ಮುಖ, ದುಂಡು ಮುಖ, ಗುಳಿ ಬಿದ್ದ ಕೆನ್ನೆ. ಅಲ್ಲ, ಅಲ್ಲ. "ನಿಮ್ಮ ಥರ ಇದ್ರಾ?" ಎಂದರೆ, "ನಾನು ನಮ್ಮವ್ವನ ಹಂಗೆ. ಅಪ್ಪನ ಥರ ಒಂದು ಚೂರೂ ಇಲ್ಲ" ಎಂದರು.

ತಂದೆಯ ಜೊತೆ ಕೆಲಸ ಮಾಡಿದ ಒಬ್ಬ ಮುದುಕರು ಕುಣಿಗಲ್‌ನಲ್ಲಿ ಇನ್ನೂ ಇದ್ದಾರೆಂದು ತಿಳಿದು ಭಾವನನ್ನು ಕರೆದುಕೊಂಡು ಹೋದೆ. ಆತ ಭಾವನ ಕೈ ಹಿಡಿದುಕೊಂಡು ಬಹಳ ಸಂತೋಷಪಟ್ಟರು. ಆ ಹೆಣ್ಣು ಕುದುರೆ ಚೆನ್ನಾಗಿ ನೆನಪಿತ್ತು. ಹಣೆಯ ಮೇಲೆ ಬಿಳಿ ಚುಕ್ಕೆ, ಹಿಂದಿನ ಎಡಗಾಲು ಕಾಲ್ಚೀಲ ಹಾಕಿದ ಹಾಗೆ ಬೆಳ್ಳಗೆ. ನಾನು ಪೆನ್ಸಿಲ್ ಹಿಡಿದು ಭಾವನ ತಂದೆಯ ಮುಖ ಹೇಗಿತ್ತು ಎಂದು ಕೇಳಿದೆ.

"ನಿಮ್ಮಪ್ಪನ ಮುಖವಾ?" ಎಂದು ಮುದುಕರು ಭಾವನನ್ನೇ ದಿಟ್ಟಿಸಿದರು. "ಅವ್ನು ಯಾವಾಗ್ಲೂ ಕುದ್ರೆ ಮಗ್ಗುಲಲ್ಲೇ ನಿಂತಿರೋನು ಕಣಪ್ಪ. ಬರೋರೆಲ್ಲ ಕುದ್ರೆ ನೋಡೋರು. ಅವನ ಮುಖ ಯಾರು ನೋಡವ್ರೆ?"

ಭಾವ ನಕ್ಕರು. ಹೌದು ಹೌದು ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ತುಮಕೂರು ಬರುವವರೆಗೂ ತಿರುಗಲಿಲ್ಲ. ಅವರ ಭುಜ ಅಲ್ಲಾಡುತ್ತಿದ್ದದ್ದು ಬಸ್ಸಿನ ಕುಲುಕಾಟಕ್ಕಲ್ಲ ಎಂದು ನನಗೆ ಗೊತ್ತಿತ್ತು.

ಅದೇ ಕಾಯಿಲೆ ಕಣ್ಣಿನಿಂದ ಮೂತ್ರಪಿಂಡಕ್ಕೆ ಹೋಯಿತು. ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಮಕ್ಕಳಿಗೆಲ್ಲ ರಜ ಬಿಟ್ಟ ಮೇಲೆ, ಅದೇ ಹಜಾರದಲ್ಲಿ ಭಾವ ತೀರಿಕೊಂಡರು. ಕೊನೆಯ ದಿನಗಳಲ್ಲಿ ಬಾಗಿಲು ಸದ್ದಾದರೆ ತಲೆ ಎತ್ತಿ, "ಯಾರು ಬಂದವ್ರೆ ನೋಡು" ಎನ್ನುತ್ತಿದ್ದರು. ಆ ವೇಳೆಗೆ ಯಾರೂ ಬರುವುದು ನಿಂತಿತ್ತು. ಸಂಪಾದಕರು ಮಾತ್ರ ಮಣ್ಣಿಗೆ ಬಂದಿದ್ದರು. ಒಂದು ಮೂಲೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಅವರ ಮೇಲೆ ಅಕ್ಕನಿಗೆ ಉಳಿದಿದ್ದ ಸಿಟ್ಟೂ ಅಲ್ಲಿಗೆ ಹೋಯಿತು. ಬೆಂಗಳೂರಿನ ಪ್ರಕಾಶಕರು ಅಷ್ಟರಲ್ಲಿ ಕಾಮಿಕ್ಸ್ ತರುವುದನ್ನೇ ಬಿಟ್ಟಿದ್ದರು.

ವರ್ಷದ ತಿಥಿ ಕಳೆದ ಮೇಲೆ ಅಕ್ಕ ಟ್ರಂಕಿನಿಂದ ಆ ಹಾಳೆಗಳನ್ನು ತಂದು ನನ್ನ ಮುಂದಿಟ್ಟಳು.

"ಮುಖ ಬರಿ" ಎಂದಳು.

"ಯಾರ ಮುಖ ಬರೀಲಿ ಅಕ್ಕ? ಗೊತ್ತಿದ್ದೋರು ಅವ್ರೊಬ್ರೇ."

"ಇವರದ್ನೇ ಬರಿ."

"ಅಪ್ಪ ತಮ್ಮ ಥರ ಇರ್ಲಿಲ್ಲ ಅಂತ ಭಾವನೇ ಹೇಳವ್ರಲ್ಲೇ."

"ಹೇಳ್ಲಿ ಬುಡು" ಎಂದಳು ಅಕ್ಕ. "ಅಪ್ಪನ್ನ ಕೇಳ್ಕೊಂಡು ಯಾರೂ ಬರಲ್ಲ. ಇವರನ್ನ ಕೇಳ್ಕೊಂಡು ನಾನೊಬ್ಳು ಇದೀನಿ."

ಆ ಬೇಸಿಗೆ ರಜ ಪೂರ್ತಿ ನಾನು ಭಾವನ ಮುಖ ಬರೆದೆ. ಕುದುರೆಯ ಕುತ್ತಿಗೆ ತಬ್ಬಿದ ಭಾವ, ಬಕೆಟ್ಟು ಎತ್ತುವ ಭಾವ, ಹುಲ್ಲಿನ ಮೇಲೆ ಕೂತು ಕುದುರೆಯ ಜೊತೆ ಮಾತಾಡುವ ಭಾವ. ಎಲ್ಲ ಪುಟಗಳಲ್ಲೂ ಅವರಿಗೆ ಬೇಕಾದಷ್ಟು ಹೊತ್ತಿತ್ತು. ಮುಗಿದ ದಿನ ಹಾಳೆಗಳನ್ನು ಜೋಡಿಸಿ ಅಕ್ಕನ ಕೈಗೆ ಕೊಟ್ಟೆ. ಊಟವಾದ ಮೇಲೆ ಅವಳು ಗೋಡೆಗೆ ಒರಗಿ, ಮಡಿಲಲ್ಲಿ ಇಟ್ಟುಕೊಂಡು, ಒಂದೊಂದೇ ಹಾಳೆ ನೋಡಿದಳು. ಮುಗಿಸಿ ಮತ್ತೆ ಮೊದಲಿನಿಂದ ನೋಡಿದಳು. ಬಿಸಿಲು ಇಳಿಯಿತು. ನಾನು ಕಾಫಿ ತಂದು, "ಅಕ್ಕಾ, ಏಳು, ಸಾಕು" ಎಂದೆ.

ಅವಳು ತಲೆ ಎತ್ತಲಿಲ್ಲ.

"ಇರು ಕಣೇ. ಮದ್ವೆ ಆದಾಗಿಂದ ಅವ್ರು ಇಷ್ಟು ಹೊತ್ತು ನನ್ನ ಜೊತೆ ಕೂತಿರೋದು ಇವತ್ತೇ."

ನಾನು ಕಾಫಿಯ ಲೋಟವನ್ನು ಅವಳ ಪಕ್ಕದಲ್ಲಿಟ್ಟು ಒಳಗೆ ಹೋದೆ.